ಮತ್ತೆ ವಿದ್ಯಾರ್ಥಿನಿಯಾದಾಗ

"ಟೀಚರ್, ಮಲೆ ಬಂದಳು!"

ಕಿಟಕಿಯ ಬಳಿ ಕುಳಿತಿದ್ದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಹೀಗೆಂದಾಗ ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹೊರಗೆ ಜೂನ್ ತಿಂಗಳ ಮಳೆ ಹೆಂಚಿನ ಮೇಲೆ ಧೋ ಎಂದು ಸುರಿಯತೊಡಗಿತ್ತು. ಅವಳು ಹೇಳಬೇಕಾಗಿದ್ದುದು "ಮಳೆ ಬಂತು" ಎಂದು. ಮಕ್ಕಳ ಜೊತೆ ನಾನೂ ನಕ್ಕುಬಿಟ್ಟೆ. ನಂತರ ಗಂಭೀರಳಾಗಿ, "ಮಲೆ ಅಲ್ಲ, ಮಳೆ. ಬಂದಳು ಅಲ್ಲ, ಬಂತು. ಹತ್ತು ಸಲ ಬರೆ" ಎಂದೆ. ಅವಳು ತಲೆ ತಗ್ಗಿಸಿ ಬರೆದಳು. ಅದಾದ ಮೇಲೆ ಅವಳು ತರಗತಿಯಲ್ಲಿ ತಾನಾಗಿ ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ.

ಇದು 2012ರ ಮಾತು. ಆಗ ನಾನು ಶಿಕ್ಷಕಿಯಾಗಿ ಏಳು ವರ್ಷ ಕಳೆದಿತ್ತು. ಆ ಹುಡುಗಿಯ ಕನ್ನಡ ಪುಸ್ತಕದ ತುಂಬ ನನ್ನ ಕೆಂಪು ಶಾಯಿಯ ಗೆರೆಗಳೇ ಇದ್ದವು. ಒಮ್ಮೆ ಪೋಷಕರ ಸಭೆಗೆ ಬಂದ ಅವಳ ತಾಯಿ, "ಹೇಗಿದ್ದಾಳೆ ಟೀಚರ್?" ಎಂದು ಕೇಳಿದಾಗ, "ಒಳ್ಳೆಯ ಹುಡುಗಿ. ಆದರೆ ಓದು ಅವಳ ತಲೆಗೆ ಹತ್ತುವುದಿಲ್ಲ" ಎಂದುಬಿಟ್ಟೆ. ಆ ತಾಯಿ ಅದನ್ನು ನಂಬಿದರು. ಓದು ಬಲ್ಲ ಟೀಚರೇ ಹೇಳಿದ ಮೇಲೆ ನಂಬದಿರುತ್ತಾರೆಯೇ? ಏಳನೇ ತರಗತಿಯ ನಂತರ ಆ ಹುಡುಗಿ ಶಾಲೆ ಬಿಟ್ಟಳು.

ನಾನು ಸ್ನಾತಕೋತ್ತರ ಪದವಿ ಪಡೆದ ಸಂತೋಷವನ್ನು ಹಂಚಿಕೊಳ್ಳಲು ಕುಳಿತಾಗ ಮೊದಲು ನೆನಪಾಗುವುದು ಈ ಹುಡುಗಿಯೇ. ಏಕೆಂದರೆ ಆ ಪದವಿ ನನಗೆ ಏನನ್ನು ಕೊಟ್ಟಿತು ಎಂದು ಕೇಳಿದರೆ, ಅವಳಿಗೆ ನಾನು ಏನು ಮಾಡಿದ್ದೆನೆಂಬ ಅರಿವನ್ನು ಕೊಟ್ಟಿತು ಎಂದೇ ಹೇಳಬೇಕಾಗುತ್ತದೆ.

ಘಟ್ಟದ ಅಂಚಿನ ಶಾಲೆ

ಸಕಲೇಶಪುರ ದಾಟಿ ಮಂಗಳೂರಿನ ಹೆದ್ದಾರಿಯಲ್ಲಿ ಸ್ವಲ್ಪ ದೂರ ಸಾಗಿದರೆ ದೋಣಿಗಲ್ ಸಿಗುತ್ತದೆ. ಇಲ್ಲಿಂದ ಮುಂದೆ ರಸ್ತೆ ಶಿರಾಡಿ ಘಾಟಿಯ ಕಡೆಗೆ ಇಳಿಯುತ್ತದೆ. ಇಲ್ಲಿನ ಪುಟ್ಟ ರೈಲು ನಿಲ್ದಾಣವನ್ನು ದಾಟಿದ ರೈಲು ಕಾಡಿನ ಸುರಂಗಗಳನ್ನು ಹೊಕ್ಕು ಸುಬ್ರಹ್ಮಣ್ಯದ ದಾರಿ ಹಿಡಿಯುತ್ತದೆ. ಸುತ್ತಲೂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು. ಈ ತೋಟಗಳ ಲೈನುಗಳಲ್ಲಿ, ಹೆದ್ದಾರಿ ಬದಿಯ ಮನೆಗಳಲ್ಲಿ ಎಷ್ಟು ಭಾಷೆಗಳು! ಕನ್ನಡ, ತುಳು, ಬ್ಯಾರಿ, ಉರ್ದು, ಮಲಯಾಳ, ತಮಿಳು. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳೂ ಇದ್ದಾರೆ. ಈ ಮಕ್ಕಳೆಲ್ಲ ಬೆಳಿಗ್ಗೆ ಹತ್ತು ಗಂಟೆಗೆ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಪಠ್ಯಪುಸ್ತಕವನ್ನು ತೆರೆಯುತ್ತಾರೆ.

ನಾನು ಘಟ್ಟದ ಕೆಳಗಿನಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ನಮ್ಮ ಮನೆಯ ಮಾತು ಬ್ಯಾರಿ. ಡಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಅಂಚೆಯ ಮೂಲಕ ಓದಿ ಬಿ.ಎ. ಮಾಡಿಕೊಂಡಿದ್ದೆ. ಅಲ್ಲಿಗೆ ನನ್ನ ಓದು ಮುಗಿಯಿತು ಎಂದುಕೊಂಡಿದ್ದೆ. ಮನೆ, ಮಕ್ಕಳು, ಶಾಲೆ, ಬಿಸಿಯೂಟದ ಲೆಕ್ಕ, ಗಣತಿಯ ಕೆಲಸ, ಇವುಗಳ ನಡುವೆ ಯಾರಿಗೆ ತಾನೇ ಓದುವ ಹಂಬಲ ಉಳಿದೀತು?

2019ರಲ್ಲಿ ನನ್ನ ಮಗಳು ಹತ್ತನೇ ತರಗತಿಗೆ ಬಂದಳು. ಅವಳು ಓದಲು ಕುಳಿತಾಗ ಜೊತೆಗೆ ಕುಳಿತಿರುವುದು ನನ್ನ ರೂಢಿ. ಒಂದು ದಿನ ಅವಳೇ, "ಉಮ್ಮಾ, ಸುಮ್ಮನೆ ಕೂರುವ ಬದಲು ನೀವೂ ಏನಾದರೂ ಓದಬಾರದೇ?" ಎಂದಳು. ತಮಾಷೆಯ ಮಾತು. ಆದರೆ ಅದು ಮನಸ್ಸಿನಲ್ಲಿ ಉಳಿಯಿತು. ಪತಿ ವಿಚಾರಿಸಿಕೊಂಡು ಬಂದರು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ಶಿಕ್ಷಣಶಾಸ್ತ್ರದ ಎಂ.ಎ.ಗೆ ಹೆಸರು ನೋಂದಾಯಿಸಿದೆ. ಯಾವುದೇ ಪದವಿ ಇದ್ದರೆ ಸಾಕು; ಎರಡು ವರ್ಷದ ಕೋರ್ಸು, ನಾಲ್ಕು ವರ್ಷದೊಳಗೆ ಮುಗಿಸಬಹುದು ಎಂಬುದು ನನಗೆ ಧೈರ್ಯ ಕೊಟ್ಟಿತು. ಅತ್ತೆ ಮಾತ್ರ, "ಮಗಳ ಪರೀಕ್ಷೆಯ ವರ್ಷ ತಾಯಿಗೂ ಪರೀಕ್ಷೆಯಾ?" ಎಂದು ಮೂಗಿನ ಮೇಲೆ ಬೆರಳಿಟ್ಟರು.

ಅರ್ಥವಾಗದ ಪುಟ

ಪುಸ್ತಕಗಳು ಅಂಚೆಯಲ್ಲಿ ಬಂದವು. ಶಿಕ್ಷಣದ ಸ್ವರೂಪ ಮತ್ತು ಉದ್ದೇಶ, ಕಲಿಕೆ ಮತ್ತು ಕಲಿಯುವವರ ಬೆಳವಣಿಗೆ, ಶಿಕ್ಷಣ ಮತ್ತು ಸಮಾಜ, ಶೈಕ್ಷಣಿಕ ಸಂಶೋಧನೆ. ವಿಷಯಗಳೇನೋ ನನ್ನವೇ. ಆದರೆ ಭಾಷೆ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅದು ಕಬ್ಬಿಣದ ಕಡಲೆಯಾಯಿತು. ಒಂದು ರಾತ್ರಿ ಒಂದೇ ಪುಟವನ್ನು ಐದು ಸಲ ಓದಿದೆ. ಪದಗಳ ಅರ್ಥ ಗೊತ್ತಿತ್ತು, ವಾಕ್ಯದ ಅರ್ಥ ಗೊತ್ತಾಗುತ್ತಿರಲಿಲ್ಲ. ಮೊದಲ ಸಂಪರ್ಕ ತರಗತಿಯಲ್ಲಿ ಉಪನ್ಯಾಸಕರು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಕನ್ನಡದಲ್ಲಿ ಕೇಳಿದ್ದರೆ ಅರ್ಧ ಗಂಟೆ ಮಾತನಾಡುತ್ತಿದ್ದೆ. ಆದರೆ ತಪ್ಪು ಇಂಗ್ಲಿಷ್ ಕೇಳಿ ಯಾರಾದರೂ ನಕ್ಕರೆ ಎಂಬ ಭಯದಿಂದ ತಲೆ ತಗ್ಗಿಸಿ ಕುಳಿತೆ.

ಆ ತಲೆ ತಗ್ಗಿಸಿದ ಭಂಗಿಯನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಆಗ ಹೊಳೆಯಲಿಲ್ಲ.

ಫಜ್ರ್ ನಮಾಝಿನ ನಂತರದ ಒಂದು ಗಂಟೆ ನನ್ನ ಓದಿನ ಸಮಯವಾಯಿತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಎಸೈನ್‌ಮೆಂಟುಗಳನ್ನು ಕೈಯಲ್ಲೇ ಬರೆದೆ. ಮೂಗಿನ ಮೇಲೆ ಬೆರಳಿಟ್ಟಿದ್ದ ಅತ್ತೆ ಕೆಲವೇ ವಾರಗಳಲ್ಲಿ ಬೆಳಗಿನ ಚಹಾವನ್ನು ತಾವೇ ಮಾಡಿ ನನ್ನ ಮುಂದಿಡತೊಡಗಿದರು. ಏನೂ ಹೇಳಲಿಲ್ಲ, ಲೋಟ ಇಟ್ಟು ಹೋಗುತ್ತಿದ್ದರು.

ತಪ್ಪಿನ ಹಿಂದಿನ ಕಾರಣ

2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ರಾಜ್ಯ ಸರಕಾರ ವಿದ್ಯಾಗಮ ಕಾರ್ಯಕ್ರಮವನ್ನು ಆರಂಭಿಸಿದಾಗ ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ಕಲಿಸಬೇಕಾಯಿತು. ಅಲ್ಲಿಯವರೆಗೆ ಮಕ್ಕಳು ನನ್ನ ಬಳಿಗೆ ಬರುತ್ತಿದ್ದರು. ಈಗ ನಾನು ಅವರ ಅಂಗಳಕ್ಕೆ ಹೋದೆ.

ಅಲ್ಲಿ ಕಂಡದ್ದು ನನ್ನನ್ನು ಬೆರಗುಗೊಳಿಸಿತು. ತರಗತಿಯಲ್ಲಿ ಮೂಕನಂತಿದ್ದ ಹುಡುಗ ಮನೆಯ ಜಗಲಿಯಲ್ಲಿ ಉರ್ದುವಿನಲ್ಲಿ ತಂಗಿಗೆ ಕತೆ ಹೇಳುತ್ತಿದ್ದ. ಗಣಿತದಲ್ಲಿ ಸೊನ್ನೆ ಪಡೆಯುತ್ತಿದ್ದ ಹುಡುಗಿ ತಾಯಿ ಕೊಯ್ದ ಕಾಫಿಯ ತೂಕಕ್ಕೆ ಎಷ್ಟು ಕೂಲಿ ಬರಬೇಕೆಂದು ಬಾಯಿಯಲ್ಲೇ ಲೆಕ್ಕ ಹಾಕುತ್ತಿದ್ದಳು. ಇವರು ದಡ್ಡರೇ?

ಅದೇ ದಿನಗಳಲ್ಲಿ ನಾನು ಭಾಷಾ ಕಲಿಕೆಯ ಕುರಿತು ಓದುತ್ತಿದ್ದೆ. ಪಿಟ್ ಕಾರ್ಡರ್ ಎಂಬ ಭಾಷಾತಜ್ಞರು 1967ರಲ್ಲಿ ಒಂದು ಪ್ರಬಂಧ ಬರೆದರು. ಕಲಿಯುವವರು ಮಾಡುವ ತಪ್ಪುಗಳು ಅಡ್ಡಾದಿಡ್ಡಿಯಲ್ಲ, ಅವುಗಳಲ್ಲಿ ಒಂದು ಕ್ರಮವಿರುತ್ತದೆ. ಕಲಿಕೆ ನಡೆಯುತ್ತಿದೆ ಎಂಬುದಕ್ಕೆ ಅವೇ ಸಾಕ್ಷಿ ಎಂಬುದು ಅವರ ವಾದ. ಓದುತ್ತಿದ್ದಂತೆಯೇ ನನಗೆ "ಮಲೆ ಬಂದಳು" ನೆನಪಾಯಿತು. ಪುಸ್ತಕವನ್ನು ಮುಚ್ಚಿ ಕುಳಿತೆ.

ಆ ಹುಡುಗಿಯ ಮನೆಮಾತು ಉರ್ದು. ಉರ್ದುವಿನಲ್ಲಿ "ಳ" ಎಂಬ ಅಕ್ಷರವೇ ಇಲ್ಲ. ಕಿವಿಗೆ ಬೀಳದ ಸ್ವರ ನಾಲಗೆಗೆ ಹೇಗೆ ಬಂದೀತು? ಆದ್ದರಿಂದ ಮಳೆ ಅವಳಿಗೆ ಮಲೆಯಾಯಿತು. ಇನ್ನು "ಬಂದಳು"? ಕನ್ನಡದಲ್ಲಿ ಮಳೆ, ಗಾಡಿ, ಪುಸ್ತಕ ಎಲ್ಲವೂ ನಪುಂಸಕಲಿಂಗ. ಉರ್ದುವಿನಲ್ಲಿ ಹಾಗಿಲ್ಲ. ಪ್ರತಿಯೊಂದು ವಸ್ತುವೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ. ಬಾರಿಶ್ ಸ್ತ್ರೀಲಿಂಗ. ಗಾಡಿ, ಕಿತಾಬ್ ಕೂಡಾ. "ಬಾರಿಶ್ ಆಯೀ" ಎಂದು ಮನೆಯಲ್ಲಿ ಕೇಳಿದ ಮಗು ಅದನ್ನು ತುಂಬ ಜಾಣತನದಿಂದ ಕನ್ನಡಕ್ಕೆ ತಂದು "ಬಂದಳು" ಎಂದಿತ್ತು. ಎರಡು ಭಾಷೆಗಳ ವ್ಯಾಕರಣ ಆ ಪುಟ್ಟ ತಲೆಯೊಳಗೆ ಕೆಲಸ ಮಾಡುತ್ತಿತ್ತು. ಅದನ್ನೇ ನಾನು ತಲೆಗೆ ಹತ್ತುವುದಿಲ್ಲ ಎಂದಿದ್ದೆ.

ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಇನ್ನೊಂದು ವಿಷಯವನ್ನು ತೋರಿಸಿಕೊಟ್ಟಿದ್ದಾರೆ. ಹೊಸ ಭಾಷೆಯಲ್ಲಿ ಆಟವಾಡುತ್ತಾ ಮಾತನಾಡುವಷ್ಟು ಕಲಿಯಲು ಮಗುವಿಗೆ ಸುಮಾರು ಎರಡು ವರ್ಷ ಸಾಕು. ಆದರೆ ಅದೇ ಭಾಷೆಯಲ್ಲಿ ವಿಜ್ಞಾನ, ಸಮಾಜವನ್ನು ಓದಿ ಬರೆಯುವ ಹಂತಕ್ಕೆ ತಲುಪಲು ಐದರಿಂದ ಏಳು ವರ್ಷ ಬೇಕಾಗುತ್ತದೆ. ನಾವು ಮಾಡುವುದೇನು? ಮಗು ಬೀದಿಯಲ್ಲಿ ಕನ್ನಡ ಮಾತನಾಡುವುದನ್ನು ನೋಡಿ, "ಮಾತು ಬರುತ್ತದೆ, ಪಾಠ ಮಾತ್ರ ಬರುವುದಿಲ್ಲ, ಸೋಮಾರಿ" ಎನ್ನುತ್ತೇವೆ.

ನಮ್ಮ ಹಾಸನದಲ್ಲೇ ಹುಟ್ಟಿದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಎಂಟು ವರ್ಷದ ಬಾಲಕಿಯಾಗಿದ್ದಾಗ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಯೊಂದಕ್ಕೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಕಲಿತರು. ಆದರೆ ಅಂತಹ ಷರತ್ತನ್ನು ದಾಟಲಾಗದೆ ಹಿಂದೆಯೇ ಉಳಿದ ಹೆಣ್ಣುಮಕ್ಕಳೆಷ್ಟು? ಅವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಮೂಸಾ(ಅ)ರ ಪಯಣ

ಈ ಓದಿನ ನಡುವೆ ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯದ ಒಂದು ಪ್ರಸಂಗ ನನಗೆ ಹೊಸದಾಗಿ ಅರ್ಥವಾಯಿತು. ಪ್ರವಾದಿ ಮೂಸಾ(ಅ) ಒಂದು ಸಮುದಾಯಕ್ಕೇ ಗುರುವಾಗಿದ್ದವರು. ಆದರೂ ಅವರು ದೂರದ ಪಯಣ ಮಾಡಿ, ಅಲ್ಲಾಹನ ಒಬ್ಬ ದಾಸರ ಬಳಿ, ನಿಮ್ಮಿಂದ ಕಲಿಯಲು ನಿಮ್ಮ ಹಿಂದೆ ಬರಬಹುದೇ ಎಂದು ವಿನಯದಿಂದ ಕೇಳುತ್ತಾರೆ. ಆ ದಾಸರು ಖಿದ್ರ್ ಎಂದು ಹದೀಸ್‌ಗಳಿಂದ ತಿಳಿಯುತ್ತದೆ. ದೋಣಿಗೆ ತೂತು ಮಾಡಿದಾಗ ಮೂಸಾ(ಅ)ರಿಗೆ ತೂತು ಮಾತ್ರ ಕಂಡಿತು. ಅದರ ಹಿಂದಿನ ಕಾರಣ ಕೊನೆಗಷ್ಟೇ ತಿಳಿಯಿತು. ತರಗತಿಯಲ್ಲಿ ನನಗೂ ತಪ್ಪು ಮಾತ್ರ ಕಂಡಿತ್ತು. ಕಾರಣವನ್ನು ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ.

ಜ್ಞಾನಾರ್ಜನೆ ಕಡ್ಡಾಯವೆಂಬ ಪ್ರವಾದಿ(ಸ)ರ ವಚನವನ್ನು ನಾವು ವೇದಿಕೆಗಳಲ್ಲಿ ಆಗಾಗ ಹೇಳುತ್ತೇವೆ. ಅದನ್ನು ಮಕ್ಕಳಿಗೆ ಮಾತ್ರ ಅನ್ವಯಿಸಿಬಿಡುತ್ತೇವೆ. ಅದಕ್ಕೆ ವಯಸ್ಸಿನ ಗಡಿ ಇಲ್ಲ. ಬಂಗಾಳದ ರುಕಿಯಾ ಸಖಾವತ್ ಹುಸೇನರು ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಮನೆಯಲ್ಲಿ ಅಣ್ಣನಿಂದ ಕಲಿತ ಅವರು 1911ರಲ್ಲಿ ಕೊಲ್ಕತ್ತಾದಲ್ಲಿ ಎಂಟು ಹುಡುಗಿಯರೊಂದಿಗೆ ಶಾಲೆ ತೆರೆದರು. ಆ ಶಾಲೆ ಅವರ ನಂತರವೂ ಉಳಿಯಿತು. ಕಲಿಯುವುದು ಮತ್ತು ಕಲಿಸುವುದು ಬೇರೆ ಬೇರೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ತರಗತಿ ಬದಲಾಯಿತು

ಎಂ.ಎ.ಯ ಭಾಗವಾಗಿ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನಾನು ಬೇರೆಲ್ಲೂ ಹೋಗಲಿಲ್ಲ. ನನ್ನ ತರಗತಿಯ ಉರ್ದು ಮತ್ತು ಬ್ಯಾರಿ ಮನೆಮಾತಿನ ಮಕ್ಕಳು ಕನ್ನಡ ಬರೆಯುವಾಗ ಮಾಡುವ ತಪ್ಪುಗಳನ್ನೇ ವಿಷಯವಾಗಿ ಆರಿಸಿಕೊಂಡೆ. ಶಾಲೆ ಮತ್ತೆ ತೆರೆದ ಮೇಲೆ ಕೆಂಪು ಶಾಯಿಯ ಪೆನ್ನನ್ನು ಪಕ್ಕಕ್ಕಿಟ್ಟೆ. ಪ್ರತಿ ತಪ್ಪನ್ನೂ ಒಂದು ಪುಸ್ತಕದಲ್ಲಿ ಬರೆದು, ಇದು ಎಲ್ಲಿಂದ ಬಂತು ಎಂದು ಮಗುವಿನ ಜೊತೆ ಕುಳಿತು ಹುಡುಕತೊಡಗಿದೆ. ತಪ್ಪುಗಳನ್ನು ಹೀಗೆ ಗುಂಪು ಮಾಡಿದಾಗ ನೂರಾರು ತಪ್ಪುಗಳು ಬೆರಳೆಣಿಕೆಯ ಕಾರಣಗಳಲ್ಲಿ ಅಡಗಿದ್ದು ತಿಳಿಯಿತು.

ಶಿಕ್ಷಕರು ತಮ್ಮ ತರಗತಿಯ ಸಮಸ್ಯೆಯನ್ನು ತಾವೇ ಗುರುತಿಸಿ, ಒಂದು ಉಪಾಯವನ್ನು ಮಾಡಿ ನೋಡಿ, ಫಲಿತಾಂಶವನ್ನು ಪರಿಶೀಲಿಸಿ ಮತ್ತೆ ತಿದ್ದಿಕೊಳ್ಳುವುದಕ್ಕೆ ಕ್ರಿಯಾ ಸಂಶೋಧನೆ ಎನ್ನುತ್ತಾರೆ. 1940ರ ದಶಕದಲ್ಲಿ ಕರ್ಟ್ ಲೆವಿನ್ ಈ ಹೆಸರಿಗೆ ರೂಪ ಕೊಟ್ಟರು. ನನ್ನ ಉಪಾಯಗಳು ಬಹಳ ಸರಳ. "ಮಲೆ" ಮತ್ತು "ಮಳೆ" ಎಂದು ಎರಡು ಚೀಟಿ ಬರೆದು, ಗುಡ್ಡದ ಚಿತ್ರ ಮತ್ತು ಮಳೆಯ ಚಿತ್ರಗಳ ಎದುರು ಇಡುವ ಆಟ. ಹೊಸ ಪಾಠ ಆರಂಭಿಸುವ ಮೊದಲು, "ಇದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ?" ಎಂದು ಕೇಳುವುದು. ಆಗ ಹಲಗೆಯ ಮೇಲೆ ಒಂದೇ ವಸ್ತುವಿಗೆ ನಾಲ್ಕೈದು ಭಾಷೆಗಳ ಹೆಸರುಗಳು ಬರುತ್ತವೆ. ಕನ್ನಡ ಮನೆಮಾತಿನ ಮಕ್ಕಳೂ ಅವನ್ನು ಉತ್ಸಾಹದಿಂದ ಕಲಿಯುತ್ತಾರೆ. ಮೊದಲು ನಗುತ್ತಿದ್ದವರು ಈಗ, "ಉರ್ದುವಿನಲ್ಲಿ ಕಿಟಕಿ ಗಂಡೋ ಹೆಣ್ಣೋ?" ಎಂದು ಕೇಳುತ್ತಾರೆ.

ಇದು ನನ್ನ ಕಂಡುಹಿಡಿತವೇನೂ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಮನೆಭಾಷೆಯನ್ನು ತರಗತಿಯ ಸಂಪತ್ತೆಂದು ಪರಿಗಣಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ, ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿರಬೇಕು, ಮಗುವಿಗೆ ಹೊಡೆತವೂ ಇರಬಾರದು, ಮಾನಸಿಕ ಕಿರುಕುಳವೂ ಇರಬಾರದು ಎಂದಿತು. ಇವೆಲ್ಲ ತರಬೇತಿಗಳಲ್ಲಿ ನನ್ನ ಕಿವಿಗೆ ಬಿದ್ದಿದ್ದವು. ಮನಸ್ಸಿಗೆ ಇಳಿಯಲು ನಾನೇ ಭಾಷೆ ಬಾರದ ವಿದ್ಯಾರ್ಥಿನಿಯಾಗಿ ಕೂರಬೇಕಾಯಿತು.

ಒಂದು ಭೇಟಿ

ಪ್ರಬಂಧ ಬರೆಯುತ್ತಿದ್ದಾಗ ನನ್ನ ಮನಸ್ಸಿಗೆ ನೆಮ್ಮದಿ ಇರಲಿಲ್ಲ. 2021ರ ಕೊನೆಯಲ್ಲಿ, ಕಾಫಿ ಕೊಯ್ಲಿನ ದಿನಗಳಲ್ಲಿ, ಆ ಹುಡುಗಿಯ ಮನೆಗೆ ಹೋದೆ. ಅವಳಿಗೆ ಆಗ ಹತ್ತೊಂಬತ್ತು ವರ್ಷ. ತಾಯಿಯ ಜೊತೆ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ನನ್ನನ್ನು ನೋಡಿ ಸಲಾಮ್ ಹೇಳಿ ಕುರ್ಚಿ ತಂದಿಟ್ಟಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳ ತಪ್ಪು ತಪ್ಪಾಗಿರಲಿಲ್ಲ, ನನ್ನ ತಿಳಿವಳಿಕೆ ಕಡಿಮೆಯಿತ್ತು ಎಂದೆ.

ಅವಳು ತುಸು ಹೊತ್ತು ಸುಮ್ಮನಿದ್ದಳು. ನಂತರ, "ಮಕ್ಕಳು ನಕ್ಕಿದ್ದಕ್ಕೆ ನನಗೆ ಬೇಜಾರಾಗಿರಲಿಲ್ಲ ಟೀಚರ್. ನೀವೂ ನಕ್ಕಿದ್ರಲ್ಲ, ಅದಕ್ಕೆ ಆಗಿತ್ತು" ಎಂದಳು.

ಅವಳ ತಾಯಿ ಒಳಗಿನಿಂದ ಚಹಾ ತಂದರು. ಅವರ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ. "ಅಕ್ಕಾ, ಅಂದು ನಾನು ಹೇಳಿದ ಮಾತು ಸುಳ್ಳು. ಅವಳಿಗೆ ಓದು ತಲೆಗೆ ಹತ್ತುತ್ತದೆ" ಎಂದೆ. ಅವರು, "ಈಗ ಹೇಳಿ ಏನು ಪ್ರಯೋಜನ ಟೀಚರ್?" ಎಂದರು. ಕೋಪದಿಂದ ಹೇಳಿದ ಮಾತಲ್ಲ. ನಿಜವಾಗಿಯೂ ಕೇಳಿದ ಪ್ರಶ್ನೆ.

ಪ್ರಯೋಜನ ಇತ್ತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಶಾಲೆ ಬಿಟ್ಟವರೂ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು. ಐದು ವರ್ಷಗಳ ಒಳಗೆ ಒಂಬತ್ತು ಅವಕಾಶಗಳಿರುತ್ತವೆ. ಒಂದೊಂದೇ ವಿಷಯವನ್ನು ಮುಗಿಸಿಕೊಂಡು ಬರಬಹುದು. ಉರ್ದುವನ್ನೂ ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದು. ಇದನ್ನು ವಿವರಿಸಿದೆ. ಮನೆಯವರು ಒಪ್ಪಲು ಕೆಲವು ತಿಂಗಳು ಹಿಡಿಯಿತು. ಆಮೇಲೆ ಅವಳು ಭಾನುವಾರಗಳಂದು ನನ್ನ ಮನೆಗೆ ಪುಸ್ತಕ ಹಿಡಿದು ಬರತೊಡಗಿದಳು.

ಪರೀಕ್ಷೆ ಮತ್ತು ನಂತರ

2022ರ ಜುಲೈಯಲ್ಲಿ ನನ್ನ ಕೊನೆಯ ಪರೀಕ್ಷೆಗಳು. ಅದೇ ತಿಂಗಳು ಭಾರೀ ಮಳೆಗೆ ದೋಣಿಗಲ್ ಬಳಿ ಹೆದ್ದಾರಿಯೇ ಕುಸಿದು ಘಾಟಿಯ ಸಂಚಾರ ಅಸ್ತವ್ಯಸ್ತವಾಗಿತ್ತು. ಪರೀಕ್ಷೆಯ ಹಿಂದಿನ ದಿನವೇ ಹೊರಟು ಸಂಬಂಧಿಕರ ಮನೆಯಲ್ಲಿ ತಂಗಿದೆ. ಉತ್ತರ ಪತ್ರಿಕೆಯಲ್ಲಿ ನನ್ನ ಇಂಗ್ಲಿಷ್ ಎಷ್ಟು ತಪ್ಪಾಗಿತ್ತೋ ಅಲ್ಲಾಹನೇ ಬಲ್ಲ. ಆದರೆ ಈ ಬಾರಿ ತಲೆ ತಗ್ಗಿಸಲಿಲ್ಲ. ಕನ್ನಡದ ಜಾಯಮಾನ ನನ್ನ ಇಂಗ್ಲಿಷಿನಲ್ಲಿ ಇಣುಕಿದರೆ ಅದಕ್ಕೂ ಒಂದು ಕಾರಣವಿದೆ ಎಂದು ನನಗೆ ಗೊತ್ತಿತ್ತು. ಅಲ್‌ಹಮ್ದುಲಿಲ್ಲಾಹ್, ಪಾಸಾದೆ. ಅಂಕಗಳು ಸಾಧಾರಣ. ಈ ಪದವಿಯಿಂದ ಸಂಬಳ ಹೆಚ್ಚಲಿಲ್ಲ, ಬಡ್ತಿಯೂ ಬರಲಿಲ್ಲ.

ಓದಲು ಬಯಸುವ ಸಹೋದರಿಯರಿಗೆ ಕೆಲವು ಮಾತುಗಳು. ಶಿಕ್ಷಣಶಾಸ್ತ್ರದ ಎಂ.ಎ. ಬೇರೆ, ಎಂ.ಎಡ್. ಬೇರೆ. ಎಂ.ಎ. ಇದ್ದ ಮಾತ್ರಕ್ಕೆ ಬಿ.ಎಡ್. ಬೇಕಾದ ಹುದ್ದೆ ಸಿಗುವುದಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್.ಸಿ.ಟಿ.ಇ.) 2014ರ ನಿಯಮಗಳು ಬಿ.ಎಡ್. ಮತ್ತು ಎಂ.ಎಡ್.ಗಳನ್ನು ಎರಡೆರಡು ವರ್ಷದ ಕೋರ್ಸುಗಳನ್ನಾಗಿ ಮಾಡಿದವು. ಇಂತಹ ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಸೇರುವ ಮುನ್ನ ಆ ಕಾಲೇಜಿಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ, ದೂರಶಿಕ್ಷಣದ ಕೋರ್ಸಾದರೆ ಯು.ಜಿ.ಸಿ. ಆ ವರ್ಷಕ್ಕೆ ಮಾನ್ಯತೆ ಕೊಟ್ಟಿದೆಯೇ ಎಂದು ನೀವೇ ವಿಚಾರಿಸಿಕೊಳ್ಳಿ. ದಲ್ಲಾಳಿಗಳ ಮಾತನ್ನು ನಂಬಬೇಡಿ. ಇಗ್ನೋದ ಪಠ್ಯಗಳು ಇ-ಜ್ಞಾನಕೋಶ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಣ ಕಟ್ಟುವ ಮೊದಲು ಕೆಲವು ಪುಟ ಓದಿ ನೋಡಿ. ಅರ್ಥವಾಗದಿದ್ದರೆ ಹೆದರಬೇಡಿ. ಅರ್ಥವಾಗದೆ ಕುಳಿತಿರುವುದು ಹೇಗಿರುತ್ತದೆ ಎಂದು ತಿಳಿಯುವುದೂ ಶಿಕ್ಷಕಿಗೆ ಒಂದು ಪಾಠವೇ.

ತಾಯಂದಿರಲ್ಲೂ ಒಂದು ಕೋರಿಕೆ. ನಿಮ್ಮ ಮಗು ದಡ್ಡ ಎಂದು ಶಾಲೆಯಲ್ಲಿ ಯಾರಾದರೂ ಹೇಳಿದರೆ ತಕ್ಷಣ ನಂಬಬೇಡಿ. "ಯಾವುದರಲ್ಲಿ? ಯಾಕೆ?" ಎಂದು ಮೃದುವಾಗಿ, ಆದರೆ ಬಿಡದೆ ಕೇಳಿ. ಅಂದು ಆ ತಾಯಿ ಹಾಗೆ ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ಉತ್ತರವಿಲ್ಲದಿದ್ದರೆ ನಾನು ಅಂದೇ ಹುಡುಕಲು ಹೊರಡುತ್ತಿದ್ದೆನೋ ಏನೋ.

ಆ ಹುಡುಗಿ ನಾಲ್ಕು ವಿಷಯಗಳಲ್ಲಿ ಪಾಸಾಗಿದ್ದಾಳೆ. ಗಣಿತ ಇನ್ನೂ ಉಳಿದಿದೆ. ಮೊನ್ನೆ ಭಾನುವಾರ ಲೆಕ್ಕ ಮಾಡುತ್ತಾ ಕುಳಿತಿದ್ದವಳು ಕಿಟಕಿಯಾಚೆ ನೋಡಿ, "ಟೀಚರ್, ಮಳೆ ಬಂತು" ಎಂದಳು. "ಳ" ಸ್ಪಷ್ಟವಾಗಿತ್ತು. ಒಣಗಲು ಹಾಕಿದ್ದ ಬಟ್ಟೆ ತೆಗೆಯಲು ಇಬ್ಬರೂ ಅಂಗಳಕ್ಕೆ ಓಡಿದೆವು.

ನನ್ನ ಜ್ಞಾನವನ್ನು ಹೆಚ್ಚಿಸು ಎಂದು ಬೇಡಲು ಕುರ್‌ಆನ್ ಕಲಿಸಿದ್ದು ಸ್ವತಃ ಪ್ರವಾದಿ(ಸ)ರಿಗೆ. ಹಾಗಿರುವಾಗ ಕಲಿತು ಮುಗಿಯಿತು ಎನ್ನಲು ನಾನು ಯಾರು? ಈಗ ಪ್ರತಿದಿನ ತರಗತಿಯ ಹೊಸ್ತಿಲು ದಾಟುವಾಗ ನಾನು ಆ ಪ್ರಾರ್ಥನೆಯನ್ನು ಮಾಡುತ್ತೇನೆ.